ಟಿವಿಯಲ್ಲಿ ಭಾವನ ಖಾಲಿ ಕುರ್ಚಿ

ಖಟಕ್. ಖಟಕ್. ಖಟಕ್. ಆಮೇಲೆ ಒಂದು ಧಡ್!

ಖಟಕ್ ಎನ್ನುತ್ತಿದ್ದುದು ಟಿವಿಯ ಚಾನೆಲ್ ತಿರುಗಿಸುವ ಗುಂಡಿ. ಧಡ್ ಎನ್ನುತ್ತಿದ್ದುದು ಟಿವಿಯ ಬೆನ್ನು. ಅದಕ್ಕೆ ಗುದ್ದುತ್ತಿದ್ದವರು ನಮ್ಮ ಭಾವ. ಎಪ್ಪತ್ತರ ದಶಕದಲ್ಲಿ, ಕೆನಡಾದ ಮಿಸ್ಸಿಸಾಗಾದಲ್ಲಿದ್ದ ಅಕ್ಕನ ಮನೆಯಲ್ಲಿ, ಭಾನುವಾರ ನನ್ನನ್ನು ಎಬ್ಬಿಸಲು ಬೇರೆ ಅಲಾರಂ ಬೇಕಿರಲಿಲ್ಲ. ಈಗ ನನ್ನ ರಿಚ್ಮಂಡ್ ಹಿಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಗೋಡೆಗೆ ನೇತುಹಾಕಿದ ಟಿವಿ ಇದೆ, ಕ್ಯಾಲೆಂಡರಿನಷ್ಟು ತೆಳ್ಳಗೆ. ಗುದ್ದೋಣವೆಂದರೆ ಅದಕ್ಕೆ ಬೆನ್ನೇ ಇಲ್ಲ!

ನಮ್ಮ ಭಾವ ಒಂದು ಕಾಲಕ್ಕೆ ಇಲ್ಲಿಯ ಟಿವಿ ಸ್ಟಾರ್ ಆಗಿದ್ದರು ಎಂದರೆ ಮೊಮ್ಮಗಳು ಫೋನಿನಿಂದ ತಲೆ ಎತ್ತದೆ, "ರಿಯಲೀ ಅಜ್ಜಿ? ಈಸ್ ದೇರ್ ಅ ಕ್ಲಿಪ್?" ಎನ್ನುತ್ತಾಳೆ. ಕ್ಲಿಪ್ಪಂತೆ! ನಮ್ಮ ಕಾಲದಲ್ಲಿ ಕ್ಲಿಪ್ಪು ಎಂದರೆ ತಲೆಗೆ ಹಾಕುವುದು. ಇರಲಿ. ನಾನು ಹೇಳಹೊರಟಿದ್ದು ಬೇರೆ. ಭಾವನ ಟಿವಿ ಜೀವನದಲ್ಲೇ ಅತ್ಯಂತ ಹೆಸರು ತಂದ ಕಾರ್ಯಕ್ರಮ ಯಾವುದು ಗೊತ್ತೇ? ಯಾವುದರಲ್ಲಿ ಅವರು ಇರಲಿಲ್ಲವೋ ಅದು!

ಭಾವ ಧಾರವಾಡದವರು. ವಾರದ ದಿನಗಳಲ್ಲಿ ಫ್ರಿಜ್ ತಯಾರಿಸುವ ಕಾರ್ಖಾನೆಯೊಂದರಲ್ಲಿ, ಬಾಗಿಲುಗಳು ಬಿಗಿಯಾಗಿ ಮುಚ್ಚುತ್ತವೆಯೇ ಎಂದು ನೋಡುವ ಇನ್ಸ್‌ಪೆಕ್ಟರ್. ದಿನವಿಡೀ ಬಾಗಿಲು ತೆಗೆದು, ಮುಚ್ಚಿ, ತೆಗೆದು, ಮುಚ್ಚಿ, ಕೈಗೆ ಅದೇ ಚಟ ಹತ್ತಿಬಿಟ್ಟಿತ್ತು. ಯಾರ ಮನೆಗೆ ಊಟಕ್ಕೆ ಕರೆದರೂ ನೇರ ಅಡುಗೆಮನೆಗೆ ನುಗ್ಗಿ, ಫ್ರಿಜ್ಜಿನ ಬಾಗಿಲು ಪರೀಕ್ಷೆ ಮಾಡಿ, "ರಬ್ಬರ್ ಸಡ್ಲ ಆಗೇತ್ರಿ" ಎಂದು ತೀರ್ಪು ಕೊಟ್ಟ ಮೇಲೆಯೇ ಕೋಟು ಕಳಚುತ್ತಿದ್ದರು. ಅಕ್ಕ ನಾಚಿಕೆಯಿಂದ ಕೋಟಿನೊಳಗೇ ಉಳಿದುಬಿಡುತ್ತಿದ್ದಳು.

ನನಗೆ ಅವರು ಇಟ್ಟ ಹೆಸರು 'ಕಾನ್ವೆಂಟ್'. ಬೆಳಗಾವಿಯಲ್ಲಿ ನನ್ಸ್ ಕೈಯಲ್ಲಿ ಕಲಿತವಳು, 'ಎಕ್ಸ್‌ಕ್ಯೂಸ್ ಮಿ' ಎನ್ನದೆ ಸೀನಲಾರದವಳು ನಾನು! ಟೈಪಿಸ್ಟ್ ಕೆಲಸ ಸಿಕ್ಕ ಮೊದಲ ದಿನ, "ಅಕ್ಕಾ, ನಾ ಹೋಗ್ತೀನಿ, ಬೈ!" ಎಂದು ಬಾಗಿಲು ದಾಟಿದೆ. ಬಾತ್‌ರೂಮಿನೊಳಗಿಂದ ಒಂದು ಗುಡುಗು.

"ಏ ಕಾನ್ವೆಂಟ್! ಹೋಗ್ತೀನಿ ಅನಬ್ಯಾಡವಾ! ಹೋಗಿ ಬರ್ತೀನಿ ಅನ್ನು!"

"ಭಾವಾ, ಬಸ್ ಬಂದೈತ್ರಿ!"

"ಬಸ್ಸು ಬೇಕಾದ್ರ ಹೋಗ್ಲಿ. ನೀ ಹೋಗಿ ಬಾ!"

ಒಳಗೆ ಬಂದು, ಹೊಸದಾಗಿ ಹೊರಟು, "ಹೋಗಿ ಬರ್ತೀನಿ" ಎಂದು ಸ್ಪಷ್ಟವಾಗಿ ಒಪ್ಪಿಸಿದೆ. ನಾನು ಹೋಗಿ ಬಂದೆ, ನಿಜ. ಬಸ್ಸು ಮಾತ್ರ ಹೋಗೇಬಿಟ್ಟಿತ್ತು!

ಇನ್ನು ಟಿವಿಯ ವಿಷಯ. ಬೆಳಿಗ್ಗೆ ಸ್ಟೇಷನ್ ಶುರುವಾಗುವಾಗ ಕೆನಡಾದ ರಾಷ್ಟ್ರಗೀತೆ ಬರುತ್ತಿತ್ತು. ಭಾವ ಎಲ್ಲಿದ್ದರೂ, ಹೇಗಿದ್ದರೂ, ಎದ್ದು ನೆಟ್ಟಗೆ ನಿಲ್ಲುತ್ತಿದ್ದರು. ಬಾಯಲ್ಲಿ ಬ್ರಶ್ಶು, ಗಲ್ಲದ ಮೇಲೆ ನೊರೆ, ಸೊಂಟಕ್ಕೆ ಟವೆಲು. ದೇಶಭಕ್ತಿಯ ಇಂಥ ದೃಶ್ಯವನ್ನು ಯಾವ ರಾಣಿಯೂ ಕಂಡಿರಲಾರಳು!

ಆದರೆ ಅವರ ಅಚ್ಚುಮೆಚ್ಚಿನ ಚಾನೆಲ್ಲೇ ಬೇರೆ. ಆಗಿನ ಕೇಬಲ್ಲಿನಲ್ಲಿ ಹವಾಮಾನಕ್ಕೆಂದೇ ಒಂದು ಚಾನೆಲ್ ಇತ್ತು. ಅದರಲ್ಲಿ ಮನುಷ್ಯರೇ ಇಲ್ಲ. ಒಂದು ಗಡಿಯಾರ, ಪಕ್ಕದಲ್ಲಿ ಥರ್ಮಾಮೀಟರು, ಅದರ ಪಕ್ಕ ಗಾಳಿಯ ವೇಗ ತೋರಿಸುವ ಮುಳ್ಳು. ಒಂದು ಕ್ಯಾಮೆರಾ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಕತ್ತು ಹೊರಳಿಸುತ್ತಿತ್ತು, ಮತ್ತೆ ಆ ತುದಿಯಿಂದ ಈ ತುದಿಗೆ. ಅಷ್ಟೇ! ಬೆಳಗಿಂದ ಸಂಜೆಯವರೆಗೆ ಅಷ್ಟೇ! ಭಾವ ಬಟ್ಟಲು ತುಂಬ ಅವಲಕ್ಕಿ ಚೂಡಾ ಹಾಕಿಕೊಂಡು ಇದನ್ನು ಸಿನಿಮಾ ನೋಡಿದಂತೆ ನೋಡುತ್ತಿದ್ದರು.

"ಶ್! ಮುಳ್ಳು ಅಲ್ಲಾಡಾಕತ್ತೈತಿ!"

"ಅಲ್ರೀ, ಕಿಡಕಿ ತೆಗದ್ರ ಥಂಡಿ ಎಷ್ಟೈತಿ ಅಂತ ಗೊತ್ತಾಗಂಗಿಲ್ಲೇನು?" ಎಂದು ಅಕ್ಕ.

"ಕಿಡಕ್ಯಾಗ ನಂಬರ್ ಇಲ್ಲ" ಎಂದು ಭಾವ.

ಒಂದು ದಿನ ಹೀಗೆ ಮುಳ್ಳು ನೋಡುತ್ತಾ ಕುಳಿತವರು, ಚೂಡಾದ ಬಟ್ಟಲು ಕೆಳಗಿಟ್ಟು ಎದ್ದು ನಿಂತರು. "ಗಡಿಯಾರಕ್ಕ ಟಿವ್ಯಾಗ ಜಾಗಾ ಕೊಟ್ಟಾರ ಅಂದ್ರ, ಕನ್ನಡಕ್ಕ ಯಾಕ ಕೊಡಂಗಿಲ್ಲ?"

ಕೊಟ್ಟರು! ನಮ್ಮ ಮನೆಗೆ ಹತ್ತಿರದ ಪ್ಲಾಝಾದಲ್ಲಿ, ಬಟ್ಟೆ ಒಗೆಯುವ ಅಂಗಡಿಗೂ ಡೋನಟ್ ಅಂಗಡಿಗೂ ನಡುವೆ, ಕೇಬಲ್ಲಿನವರ ಒಂದು ಪುಟ್ಟ ಸ್ಟುಡಿಯೋ ಇತ್ತು. ಅಕ್ಕಪಕ್ಕದ ಜನ ಯಾರು ಬೇಕಾದರೂ ಬಂದು ಕಾರ್ಯಕ್ರಮ ಮಾಡಬಹುದಾದ ಕಮ್ಯುನಿಟಿ ಚಾನೆಲ್ ಅದು. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ, ಲೈವ್! ನಮಗಿಂತ ಮೊದಲು ಅಕಾರ್ಡಿಯನ್ ನುಡಿಸುವ ಒಬ್ಬ ಯಜಮಾನ. ನಮ್ಮ ನಂತರ ಕರ್ಲಿಂಗ್ ಪಾಠ. ಅದೇ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಅದರ ಮುಂದೆ ಪೊರಕೆ ಹಿಡಿದು ಗುಡಿಸುತ್ತಾ ಓಡುವ ಆಟ. ಅದನ್ನು ಮೊದಲ ಸಲ ನೋಡಿದಾಗ ಅಕ್ಕ, "ಗಂಡಸ್ರು ಇಷ್ಟು ಚಂದ ಕಸಾ ಹೊಡೀತಾರ, ನೋಡ್ರಿ, ಕಲೀರಿ" ಎಂದು ಭಾವನಿಗೆ ಹೇಳಿದ್ದಳು.

ಸ್ವೆಟರಿನ ಮೇಲೆ ರೇಷ್ಮೆ ಶಾಲು ಹೊದ್ದು, ಸ್ಟುಡಿಯೋದ ಕುರ್ಚಿಯಲ್ಲಿ ಭಾವ ವಿರಾಜಮಾನರಾದರು. ಮೊದಲು ವಾರ್ತೆ. ಊರಿಂದ ಹಡಗಿನ ಅಂಚೆಯಲ್ಲಿ ಬರುವ ಪತ್ರಿಕೆಯೇ ಅವರ ವಾರ್ತೆಯ ಮೂಲ. ಅದು ಬಂದು ಮುಟ್ಟುವಷ್ಟರಲ್ಲಿ ಅಲ್ಲಿ ಋತುವೇ ಬದಲಾಗಿರುತ್ತಿತ್ತು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ ಭಾವ ಕ್ಯಾಮೆರಾದ ಕಣ್ಣಲ್ಲಿ ಕಣ್ಣಿಟ್ಟು, "ನಾಳೆ ಧಾರವಾಡದಲ್ಲಿ ಭಾರೀ ಮಳೆಯಾಗುವ ಸಂಭವವಿದೆ. ಕೊಡೆ ತೆಗೆದುಕೊಂಡು ಹೋಗಿರಿ" ಎಂದು ಮಿಸ್ಸಿಸಾಗಾದ ಜನತೆಯನ್ನು ಎಚ್ಚರಿಸಿದರು!

ವಾರ್ತೆ ಮುಗಿದ ಮೇಲೆ ಅತಿಥಿ. ನಮ್ಮ ಜನ ಆಗ ಎಷ್ಟಿದ್ದರು? ಎಲ್ಲರೂ ಒಂದೊಂದು ಸಲ ಬಂದುಹೋದ ಮೇಲೆ ಅಕ್ಕನ ಸರದಿ ಬಂತು: ಜೋಳದ ರೊಟ್ಟಿಯ ಪಾಠ. ಸ್ಟುಡಿಯೋದಲ್ಲಿ ಒಲೆ ಹಚ್ಚಲು ಪರ್ಮಿಷನ್ ಇಲ್ಲ. ಹೀಗಾಗಿ ಬರೀ ಬಡಿಯುವುದು. ಅಕ್ಕ ಟಪಟಪ ಬಡಿಯತೊಡಗಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಸೌಂಡಿನ ಹುಡುಗ, ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಎದ್ದು ಹೋಗಿ ಬಾಗಿಲು ತೆಗೆದ. ಯಾರೂ ಇಲ್ಲ. ಮುಚ್ಚಿ ಬಂದ. ಅಕ್ಕ ಮತ್ತೆ ಬಡಿದಳು. ಅವನು ಮತ್ತೆ ಎದ್ದ. ಭಾವ ಇದನ್ನೆಲ್ಲ ನೋಡಿ ಅವನಿಗೆ ಹೇಳಿದ್ದೇನು? "ದಿಸ್ ಡೋರ್ ರಬ್ಬರ್ ಈಸ್ ಲೂಸ್!"

ನೀವು ನಗುತ್ತೀರಿ. ಸ್ಟೇಷನ್ನಿನ ಮ್ಯಾನೇಜರ್ ನಗಲಿಲ್ಲ. ಒಳ್ಳೆಯ ಮನುಷ್ಯನೇ, ಆದರೆ ಅವನ ಕಣ್ಣೆಲ್ಲ ಟೆಲಿಫೋನಿನ ಮೇಲೆ. ಯಾವ ಕಾರ್ಯಕ್ರಮಕ್ಕೆ ಎಷ್ಟು ಫೋನ್ ಬರುತ್ತದೆ ಎಂಬುದರ ಮೇಲೆ ಅವನ ಲೆಕ್ಕ. ಅಕಾರ್ಡಿಯನ್ನಿಗೆ ಫೋನ್ ಬರುತ್ತಿತ್ತು. ಪೊರಕೆಗೆ ಕೂಡ ಬರುತ್ತಿತ್ತು! ನಮ್ಮ ಭಾವನಿಗೆ ಒಂದೂ ಇಲ್ಲ.

ಯಾಕಿಲ್ಲ? ನಮ್ಮ ಜನ ಫೋನ್ ಮಾಡುತ್ತಿದ್ದರು. ಆದರೆ ಎಲ್ಲಿಗೆ? ಭಾವನ ಮನೆಗೆ! ಅವರು ಟಿವಿಯಲ್ಲಿ ಕಾಣಿಸಿದ ಮರುಕ್ಷಣವೇ ನಮ್ಮ ಫೋನು ಕಿರುಚಿಕೊಳ್ಳುತ್ತಿತ್ತು. "ಅಕ್ಕಾರ, ನಿಮ್ಮ ಮನಿಯವ್ರು ಟಿವ್ಯಾಗ ಬರಾಕತ್ತಾರ್ರಿ!" "ಹೌದ್ರೀ, ನೋಡಾಕತ್ತೀನ್ರಿ. ನಿಮ್ಮ ಸೊಸಿ ಹೆಂಗದಾಳ್ರಿ?" ಅಷ್ಟು ಸಾಕು, ಅರ್ಧ ಗಂಟೆ ಕಳೆಯಿತು. ಪಾಪ, ಅಕ್ಕ ಮನೆಯಲ್ಲಿ ಕುಳಿತು ತನ್ನ ಗಂಡನ ಒಂದು ಕಾರ್ಯಕ್ರಮವನ್ನೂ ಪೂರ್ತಿ ಕೇಳಲಿಲ್ಲ.

ಒಂದು ಸಂಜೆ ಭಾವ ಮುಖ ಇಳಿಬಿಟ್ಟು ಬಂದರು. ಬರುವ ಭಾನುವಾರವೇ ಕಡೆಯದು. ಆಮೇಲೆ ಆ ಅರ್ಧ ಗಂಟೆ ನಾಯಿಗಳಿಗೆ ಶಿಸ್ತು ಕಲಿಸುವ ಕಾರ್ಯಕ್ರಮಕ್ಕೆ.

"ನಾಯಿಗೆ ಕೂಡು, ಏಳು ಅಂತ ಹೇಳಿಕೊಡ್ತಾರಂತ! ನಾಯಿ ಫೋನ್ ಮಾಡ್ತೈತೇನು?"

ನಾನೂ ಅಕ್ಕನೂ ನಕ್ಕೆವು. ಭಾವ ನಗಲಿಲ್ಲ. "ಯಾರೂ ನೋಡೂದ ಇಲ್ಲ ಅಂದ್ರ, ಇಷ್ಟು ದಿನಾ ನಾ ಯಾರ ಜೊತಿ ಮಾತಾಡಿದೆ ತಂಗಿ?" ಎಂದರು. ಅವರು ನನ್ನನ್ನು 'ಕಾನ್ವೆಂಟ್' ಎನ್ನದೆ 'ತಂಗಿ' ಎಂದದ್ದು ಅದೇ ಮೊದಲು. ಆ ವಾರವೆಲ್ಲ ಅವರು ನಮ್ಮ ಫ್ರಿಜ್ಜಿನ ಬಾಗಿಲನ್ನು ಮುಟ್ಟಲಿಲ್ಲ.

ಮ್ಯಾನೇಜರಿಗೂ ತಿಳಿಯುವಂತೆ ಕೊನೆಯಲ್ಲಿ ಎರಡು ಮಾತು ಇಂಗ್ಲಿಷಿನಲ್ಲಿ ಹೇಳಿ ಎಂದು ನಾನೇ ಸಲಹೆ ಕೊಟ್ಟೆ. "ಫೇರ್‌ವೆಲ್ ಅಂಡ್ ಗುಡ್‌ಬೈ, ಡಿಯರ್ ವ್ಯೂವರ್ಸ್" ಎಂದು ಹೇಳಿಕೊಟ್ಟೂ ಆಯಿತು.

"ಗುಡ್‌ಬೈ ನಾ ಅನ್ನಂಗಿಲ್ಲ. ಅದು ಹೋಗ್ತೀನಿ ಅಂದಂಗ ಆತು" ಎಂದರು ಭಾವ.

ಭಾನುವಾರ ಬಂತು. ನಾನೂ ಅಕ್ಕನೂ ಮನೆಯಲ್ಲಿ ಟಿವಿಯ ಮುಂದೆ. ಅವತ್ತು ಧಾರವಾಡದ ಮಳೆಯ ಸುದ್ದಿ ಬೇಗ ಮುಗಿಯಿತು. ಭಾವ ಪತ್ರಿಕೆಯನ್ನು ಮಡಚಿಟ್ಟರು. ಇನ್ನೂ ಎಷ್ಟೋ ಸಮಯ ಉಳಿದಿರುವಾಗಲೇ ಅವರು ಕೈಮುಗಿದು, "ಫ್ರೆಂಡ್ಸ್, ಐ ವಿಲ್ ಗೋ ಅಂಡ್ ಕಮ್" ಎಂದು ಎದ್ದು ಹೊರಟೇಹೋದರು.

ಅವತ್ತು ಕ್ಯಾಮೆರಾ ನೋಡಿಕೊಳ್ಳಲು ಬಂದಿದ್ದವಳು ಒಬ್ಬ ಹೊಸ ಹುಡುಗಿ. ಹೋಗಿ ಬರುತ್ತೇನೆ ಎಂದು ಮನುಷ್ಯ ಸ್ವಚ್ಛ ಇಂಗ್ಲಿಷಿನಲ್ಲಿ ಹೇಳಿದ್ದಾನೆ. ಎಲ್ಲಿಗೆ ಹೋಗಿರಬಹುದು? ವಾಶ್‌ರೂಮಿಗೆ! ಪಾಪ, ಬರಲಿ ಎಂದು ಅವಳು ಕ್ಯಾಮೆರಾವನ್ನು ಹಾಗೇ ಬಿಟ್ಟಳು. ಟಿವಿಯಲ್ಲಿ ಒಂದು ಖಾಲಿ ಕುರ್ಚಿ. ಅದರ ಬೆನ್ನಿನ ಮೇಲೆ ಭಾವ ಮರೆತ ಶಾಲು. ಕರ್ಲಿಂಗ್ ಮಾಸ್ತರು ಪೊರಕೆ ಹಿಡಿದು ಬಾಗಿಲಲ್ಲಿ ಬಂದು ನಿಂತರಂತೆ. "ಅವರು ಬರುತ್ತೇನೆ ಎಂದಿದ್ದಾರೆ" ಎಂದು ಹುಡುಗಿ ಹೇಳಿದ್ದೇ ತಡ, "ಓ, ಸಾರಿ" ಎಂದು ಹಿಂದೆ ಸರಿದರಂತೆ. ಕೆನಡಾದವರಲ್ಲವೇ!

ಮನೆಯಲ್ಲಿ ಫೋನು ಶುರುವಾಯಿತು.

"ಅಕ್ಕಾರ, ಸಾಹೇಬ್ರು ಎಲ್ರಿ? ಬರೇ ಕುರ್ಚಿ ಕಾಣಾಕತ್ತೈತಿ!"

"ನನಗೇನ್ ಗೊತ್ರೀ ನಮ್ಮವ್ವಾ! ಸ್ಟೇಷನ್ನಿಗೆ ಮಾಡಿ ಕೇಳ್ರಿ!" ಎಂದು ಅಕ್ಕ ಗಾಬರಿಯಲ್ಲಿ, ಫ್ರಿಜ್ಜಿನ ಮೇಲೆ ಅಂಟಿಸಿದ್ದ ಸ್ಟೇಷನ್ನಿನ ನಂಬರ್ ಒದರಿದಳು. ಇನ್ನೊಂದು ಫೋನು. ಮತ್ತೆ ನಂಬರು. ಮತ್ತೊಂದು. ಸೊಸೆಯಂದಿರ ಸುದ್ದಿ ಕೇಳುವಷ್ಟೂ ಪುರುಸೊತ್ತಿಲ್ಲ!

ಅತ್ತ ಮ್ಯಾನೇಜರನಿಗೆ ಟೆಲಿಫೋನು ಕೆಳಗಿಡಲು ಬಿಡುವೇ ಸಿಗಲಿಲ್ಲ. ನಮ್ಮವರೆಲ್ಲ ಒಬ್ಬರಾದ ಮೇಲೊಬ್ಬರು, "ವೇರ್ ಈಸ್ ಅವರ್ ಸರ್?" ನಡುವೆ ಒಬ್ಬ ಇಟಾಲಿಯನ್ ಅಜ್ಜಿ. ಪ್ರತಿ ಭಾನುವಾರ ನೋಡುತ್ತಾಳಂತೆ, ಒಂದು ಅಕ್ಷರವೂ ತಿಳಿಯುವುದಿಲ್ಲವಂತೆ. ಆದರೆ ತೀರಿಹೋದ ಅವಳ ಅಣ್ಣನೂ ಹೀಗೇ ಕೈ ಆಡಿಸಿ ಆಡಿಸಿ ಮಾತಾಡುತ್ತಿದ್ದನಂತೆ. "ಆ ಮನುಷ್ಯನಿಗೆ ಹುಷಾರಿಲ್ಲವೇ?" ಎಂದು ಅಳುತ್ತಿದ್ದಳಂತೆ.

ಆ ಮನುಷ್ಯ ಎಲ್ಲಿದ್ದ? ಪಕ್ಕದ ಅಂಗಡಿಯಲ್ಲಿ, ದುಃಖಕ್ಕೆ ಡೋನಟ್ ತಿನ್ನುತ್ತಾ! ಅಲ್ಲಿಯ ಪುಟ್ಟ ಟಿವಿಯ ಕಡೆ ಕಣ್ಣು ಹೊರಳಿದೆ. "ಅಯ್ಯಯ್ಯೋ, ನನ್ನ ಶಾಲು!" ಎಂದವರೇ ಓಡಿದ್ದಾರೆ. ಕೋಟು, ತಲೆಯ ಮೇಲೆ ಹಿಮ, ಕೈಯಲ್ಲಿ ಅರ್ಧ ಡೋನಟ್ಟು. ಶಾಲಿಗೆ ಕೈ ಹಾಕಿದಾಗ ಕ್ಯಾಮೆರಾದ ಕೆಂಪು ದೀಪ ಕಂಡಿತು. ಕಲ್ಲಿನಂತೆ ನಿಂತರು. ಮರುಗಳಿಗೆ ಡೋನಟ್ಟಿನ ಸಮೇತ ಕೈಮುಗಿದು, ಬಾಯ್ತುಂಬ ನಕ್ಕು, "ಬಂದೆ ನೋಡ್ರಿ!" ಎಂದರು.

ಅಕ್ಕ ರಿಸೀವರ್ ಬಿಸಾಕಿ, ಅಳುತ್ತಾ ನಗುತ್ತಾ ಟಿವಿಯ ಬೆನ್ನಿಗೆ ತಾನೇ ಒಂದು ಧಡ್ ಕೊಟ್ಟಳು.

ನಾಯಿಗಳನ್ನು ಶನಿವಾರಕ್ಕೆ ಕಳಿಸಿದರು. ಭಾವನ ಅರ್ಧ ಗಂಟೆ ಉಳಿಯಿತು. ಆಮೇಲೂ ಎಷ್ಟೋ ವರ್ಷ ಮಿಸ್ಸಿಸಾಗಾದವರು ಧಾರವಾಡದ ಮಳೆಗೆ ಕೊಡೆ ಸಿದ್ಧ ಮಾಡಿಕೊಂಡಿರಬೇಕಾಯಿತು! ಕೊನೆಗೆ ಸ್ಟುಡಿಯೋ ಮುಚ್ಚಿತು. ಈಗ ಅಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ. ಭಾವನ ಟೇಪುಗಳ ಮೇಲೆ ಸ್ಟೇಷನ್ನಿನವರು ಕರ್ಲಿಂಗ್ ರೆಕಾರ್ಡ್ ಮಾಡಿಬಿಟ್ಟಿದ್ದರು. ಭಾವನನ್ನು ಪೊರಕೆಯಿಂದ ಗುಡಿಸಿಹಾಕಿದ ಮೇಲೆ ಮೊಮ್ಮಗಳಿಗೆ ಕ್ಲಿಪ್ ಎಲ್ಲಿಂದ ತರಲಿ?

ಅಕ್ಕ ಹೋದ ಮೇಲೆ ಭಾವನಿಗೆ ಒಂದೊಂದೇ ಮರೆಯುತ್ತಾ ಬಂತು. ಅವರ ಮಗಳ ಮನೆಗೆ ಹತ್ತಿರವೆಂದು ವಿಟ್ಬಿ ಊರಿನ ಒಂದು ಕೇರ್‌ಹೋಮಿನಲ್ಲಿ ಇಟ್ಟಿದ್ದರು. ಹೋದ ಚಳಿಗಾಲದಲ್ಲಿ ಚೂಡಾ ಕಟ್ಟಿಕೊಂಡು ನೋಡಲು ಹೋಗಿದ್ದೆ. ಅವರ ಮಂಚದ ಎದುರು ಕುರ್ಚಿ ಎಳೆದುಕೊಂಡು ಕುಳಿತೆ. ಬಹಳ ಹೊತ್ತು ನನ್ನನ್ನೇ ನೋಡಿ, "ತಾವು ಯಾರ್ರಿ?" ಎಂದು ಮರ್ಯಾದೆಯಿಂದ ಕೇಳಿದರು. ಒಮ್ಮೆ 'ಏ ಕಾನ್ವೆಂಟ್' ಎಂದು ಗದರಿಸಬಾರದೇ ಎನಿಸಿತು. ಏನೇನೋ ಹೇಳಿದೆ. ರೊಟ್ಟಿ ಬಡಿದ ಕತೆ, ನಾಯಿಯ ಕತೆ. ಬೇರೆ ಯಾರದೋ ಕತೆ ಎಂಬಂತೆ ನಕ್ಕರು.

ಕೆಳಗೆ ಮಗನ ಕಾರು ಕಾಯುತ್ತಿತ್ತು. ಎದ್ದು, "ಹೋಗಿ ಬರ್ತೀನಿ ಭಾವಾ" ಎಂದೆ.

ಅಷ್ಟರಲ್ಲಿ ಊಟದ ಗಾಡಿ ತಳ್ಳಿಕೊಂಡು ಬಂದ ನರ್ಸ್ ಹುಡುಗಿ, ದಾರಿಗೆ ಅಡ್ಡವೆಂದು ನನ್ನ ಕುರ್ಚಿಯನ್ನು ಎತ್ತಿದಳು. ಭಾವ ದಿಢೀರನೆ ಕೈ ಎತ್ತಿದರು.

"ಡೋಂಟ್ ಮೂವ್ ದಟ್ ಚೇರ್. ಶಿ ವಿಲ್ ಗೋ ಅಂಡ್ ಕಮ್."

ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಕುರ್ಚಿಯನ್ನು ಇದ್ದಲ್ಲಿಯೇ ಇಟ್ಟಳು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಬಾಗಿಲಿನಿಂದ. ಚೂಡಾದ ಬಟ್ಟಲು ತೊಡೆಯ ಮೇಲಿಟ್ಟುಕೊಂಡು, ಇನ್ನೇನು ಮುಳ್ಳು ಅಲ್ಲಾಡುತ್ತದೆ ಎಂಬಂತೆ, ಕಣ್ಣು ಮಿಟುಕಿಸದೆ ಭಾವ ಆ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು.