ಮಂಚದ ಕೆಳಗಿನ ಗಂಟುಗಳು

ಇದನ್ನು ಬರೆಯಲು ಕುಳಿತು ಎರಡು ಸಾಲೂ ಆಗಿಲ್ಲ, ಮಗಳು ಮತ್ತೆ ಬಂದಳು. "ಮಮ್ಮಿ, ಹುಲಿ ತಗದ್ ಕೊಡ." ಚಿತ್ರ ಬಿಡಿಸಿ ಕೊಟ್ಟೆ. ಈಗ ಹುಲಿಗೆ ಚಡ್ಡಿ ಬೇಕಂತೆ.

ಹತ್ತನೆಯ ಇಯತ್ತೆಯವರೆಗೆ ಓದಿದವಳು ಸೊಲ್ಲಾಪುರದಲ್ಲಿ ಕಾಮಿಕ್ಸ್ ಮಾಡುತ್ತೇನೆಂದು ಹೊರಟರೆ ಇಂಥವು ನಡೆಯುತ್ತಲೇ ಇರುತ್ತವೆ. ಅತ್ತೆ-ಸೊಸೆ ಜಗಳದ ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದು ಮಂಚದ ಕೆಳಗೆ ಗಂಟುಗಟ್ಟಲೆ ಕುಳಿತಿತು. ಕಸ ಹೊಡೆಯಲು ಬಗ್ಗಿದ ನನ್ನತ್ತೆ ಬಗ್ಗಿದಲ್ಲಿಂದಲೇ ತೀರ್ಪು ಕೊಟ್ಟರು: "ರಥಸಪ್ತಮಿಯೊಳಗ ಇದು ಖಾಲಿ ಆಗಬೇಕು. ಇಲ್ಲಂದ್ರ ಪೆನ್ನು ಒಲ್ಯಾಗ ಹಾಕಿ ಸೀರಿಗಿ ಫಾಲ್ ಹಚ್ಚಾಕ ಕೂಡು."

ಮಾಮಾನ ಲಗ್ನ

ಅಚ್ಚು ಹಾಕಿದ್ದು ನವಿ ಪೇಠದ ಒಬ್ಬ ಪ್ರೆಸ್ಸಿನವರು. ಜನ್ಮದಲ್ಲಿ ಲಗ್ನಪತ್ರಿಕೆ ಬಿಟ್ಟು ಬೇರೇನೂ ಹಾಕಿದವರಲ್ಲ. ಗಂಟು ಬಿಚ್ಚಿ ನೋಡಿದರೆ, ಅತ್ತೆ ಸೊಸೆ ಲಟ್ಟಣಿಗೆ ಎತ್ತಿ ನಿಂತ ಕೊನೆಯ ಪುಟದ ಕೆಳಗೆ ಲಗ್ನಪತ್ರಿಕೆಯಲ್ಲಿ ಮನೆಯ ಮಕ್ಕಳ ಬಾಯಲ್ಲಿ ಹಾಕುವ ಮಾಮೂಲಿ ಸಾಲು: "ನಮ್ಮ ಮಾಮಾನ ಲಗ್ನಕ್ಕ ಬರಬೇಕ್ ಹಂ!"

ಓಡಿಹೋಗಿ ಕೇಳಿದೆ, "ಯಾವ ಮಾಮಾ ರೀ ಇಂವ?"

"ಖಾಲಿ ಜಾಗಾ ಇತ್ರಿ ವೈನಿ, ಬಣಬಣ ಅನಸ್ತಿತ್ತು. ಅದಕ್ಕ ಬ್ಯಾರೆ ರೊಕ್ಕಾ ಹಚ್ಚಿಲ್ರಿ."

ಮೊದಲು ಓದಿದ ಗೆಳತಿ ಹೇಳಿದಳು, "ಕಥಿ ಚಲೋ ಅದ. ಲಗ್ನದ ಊಟ ಯಾವ ಮಂಗಲ ಕಾರ್ಯಾಲಯದಾಗ?"

ಹನ್ನೊಂದು ಮಂದಿ

ಚೀಲ ತುಂಬಿಕೊಂಡು ಅಕ್ಕಲಕೋಟೆಯ ಗುಡಿಗೆ ಹೋದೆ. ದರ್ಶನ ಮುಗಿಸಿ ಬರುವವರಿಗೆ ಕೈಯಲ್ಲಿ ಏನು ಕೊಟ್ಟರೂ ಪ್ರಸಾದವೇ. ಒಬ್ಬಾಕೆ ನನ್ನ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕಿಟ್ಟರು.

"ತಗದ್ ಓದ್ರಿ ಅಕ್ಕಾರ."

"ನಾಳಿ ಜಳಕಾ ಮಾಡಿ ಓದ್ತೀನವಾ."

"ದೇವರ ಪೋಥಿ ಅಲ್ರಿ ಅದು, ನಗೂ ಪುಸ್ತಕ. ರೊಕ್ಕಾ ಕೊಡಬೇಕ್ರಿ."

"ಕೊಡ್ತೀನಿ ತಗೋ. ಎಷ್ಟ್ ಮಂದಿಗಿ ಹಂಚಬೇಕು, ಅದನ್ನ ಹೇಳು."

ಪುಣ್ಯದ ಪುಸ್ತಕವನ್ನು ಎಣಿಸಿ ಹಂಚುವುದು ರೂಢಿ. ನಾನೇಕೆ ರೂಢಿ ಮುರಿಯಲಿ? "ಹನ್ನೊಂದ್ ಮಂದಿಗ್ರಿ" ಎಂದೆ. ಹಿಂದೆ ನಿಂತಿದ್ದಾಕೆ ಇಪ್ಪತ್ತೊಂದು ಕೇಳಿದಳು. ಆಕೆಯ ಹರಕೆ ದೊಡ್ಡದಂತೆ.

ವಾಣ

ಆದರೂ ಗಂಟು ಉಳಿದವು. ರಥಸಪ್ತಮಿಗೆ ಎರಡೇ ದಿನ ಇರುವಾಗ ನಮ್ಮ ಮನೆಯ ಹಳದಿ-ಕುಂಕುಮ ಬಂತು. ಬಂದ ಹೆಂಗಸರಿಗೆ ವಾಣವೆಂದು ಪ್ಲಾಸ್ಟಿಕ್ ಡಬ್ಬಿ ಕೊಡುವುದು ಎಲ್ಲರ ಪದ್ಧತಿ. ನಾನು ಎಳ್ಳು-ಬೆಲ್ಲದ ಜೊತೆ ಪುಸ್ತಕ ಕೈಗಿಟ್ಟೆ.

"ಇದರಾಗ ಬ್ಯಾಳಿ ಹೆಂಗ ತುಂಬಿಡೂದ?" ಎಂದು ಒಬ್ಬಳು ಬಿಚ್ಚಿದಳು, ಬಿದ್ದು ನಕ್ಕಳು. ಪುಸ್ತಕದ ಮುದುಕಿ ಶೇಂಗಾ ಚಟ್ನಿಯ ಮೇಲೆ ಬೆರಳಿಂದ ಗೆರೆ ಕೊರೆದಿಡುತ್ತಾಳೆ. ಸೊಸೆ ಕದ್ದು ತಿಂದರೆ ಗೆರೆ ಅಳಿಯಬೇಕು. ಅದು ನಮ್ಮದೇ ಅಡುಗೆಮನೆ, ನಮ್ಮದೇ ಡಬ್ಬಿ, ನನ್ನದೇ ಅತ್ತೆ. ಅಕ್ಷರ ಬಾರದ ಅವರು ಅಲ್ಲಿಯವರೆಗೆ ಪುಸ್ತಕ ತೆರೆದಿರಲಿಲ್ಲ. ಈಗ ಕಸಿದುಕೊಂಡು ಒಂದೊಂದೇ ಚಿತ್ರ ನೋಡತೊಡಗಿದರು. ನಾನು ಎಳ್ಳು-ಬೆಲ್ಲದ ತಟ್ಟೆ ಹಿಡಿದು ಬಾಗಿಲ ಕಡೆ ಸರಿದೆ.

ಅತ್ತೆ ತೊಡೆ ತಟ್ಟಿಕೊಂಡರು. "ಅಯ್ಯ, ಥೇಟ್ ನಮ್ಮ ಮಗ್ಗಲ ಮನಿ ಮುದುಕಿ!"

ಎಲ್ಲರಿಗೂ ಅವರವರ ಮಗ್ಗುಲ ಮನೆಯೇ ಕಂಡಿತು. ಒಬ್ಬೊಬ್ಬರು ನಾಲ್ಕು ನಾಲ್ಕು ಕೊಂಡು ಒಯ್ದರು. ಕೊನೆಯ ಗಂಟನ್ನು ಅತ್ತೆಯೇ ಎಳೆದು ತಂದು ಹಿಂದಿನ ಗಲ್ಲಿಯಲ್ಲಿ ಮಾರಿ ಬಂದರು.

"ಇನ್ನೊಂದ್ ಪುಸ್ತಕ ಮಾಡು. ಆಕೀದು ಎಲ್ಲಾ ಹೊರಗ ಬರ್ಲಿ" ಎಂದವರು ಹತ್ತಿರ ಬಂದು ದನಿ ತಗ್ಗಿಸಿದರು. "ಆದ್ರ ಖರೆ ಹೇಳು. ಆಕೀನೂ ಚಟ್ನ್ಯಾಗ ಗೆರಿ ಕೊರೀತಾಳಂತ ನಿನಗ ಹೆಂಗ ಗೊತ್ತಾತು?"