ಅತ್ತೆಯವರು ಹಿಮ್ಮಡಿ ಎತ್ತಿದ್ದು

ನಮ್ಮ ಅತ್ತೆಯವರು ಒಂದೇ ಕಾಲಿನ ಮೇಲೆ ನಿಂತು ಮಾಡಿದಷ್ಟು ಅವಾಂತರವನ್ನು ಬೇರೆಯವರು ಎರಡು ಕಾಲಿನ ಮೇಲೆ ಓಡಾಡಿಯೂ ಮಾಡಲಾರರು. ಸೊಸೆ ಹೇಳುವ ಮಾತು ಎಂದು ನೀವು ಅನುಮಾನಿಸಬಹುದು. ಅನುಮಾನಿಸಿ. ಆದರೆ ಗೌರಿಬಿದನೂರಿನ ಮದುವೆಮನೆಯಲ್ಲಿ ಅಕ್ಷತೆ ಹೊತ್ತಿಗೆ ಮುಂಚೆಯೇ ಬಿದ್ದದ್ದಕ್ಕೆ ಇಡೀ ಚಪ್ಪರ ಸಾಕ್ಷಿ!

ಎಂಬತ್ತರ ದಶಕದ ಕೊನೆಯ ಮಾತು. ನಾವು ಶಿಡ್ಲಘಟ್ಟದಲ್ಲಿದ್ದೆವು. ಒಂದು ಬೆಳಿಗ್ಗೆ ಅತ್ತೆಯವರು ಬಚ್ಚಲಲ್ಲಿ ಜಾರಿದರು. ಮೂಳೆಗೇನೂ ಆಗಲಿಲ್ಲ, ಸೊಂಟಕ್ಕೆ ಸ್ವಲ್ಪ ಪೆಟ್ಟಾಯಿತು, ಅಷ್ಟೆ. ಆದರೆ ಅವರು ಹೆದರಿಬಿಟ್ಟರು. ಚಿಂತಾಮಣಿಯಲ್ಲಿದ್ದ ಅವರ ತಾಯಿ ಹೀಗೆಯೇ ಬಿದ್ದು ಹಾಸಿಗೆ ಹಿಡಿದು, ವರ್ಷಗಟ್ಟಲೆ ಎಲ್ಲದಕ್ಕೂ ಇನ್ನೊಬ್ಬರ ಕೈ ಕಾದವರು. ಆ ಕೈ ಅತ್ತೆಯವರದೇ ಆಗಿತ್ತು. "ಪಡಿತೇ ಅಂತೇ ಸಂಗತುಲು," ಎಂದರು ತವರಿನ ತೆಲುಗಿನಲ್ಲಿ. ಬಿದ್ದರೆ ಕಥೆ ಮುಗಿಯಿತು ಎಂದು. ಆಮೇಲೆ ನನಗಾಗಿ ಕನ್ನಡದಲ್ಲಿ ಹೇಳಿದರು: "ನಂಗೆ ಇನ್ನೇನೂ ಆಸೆ ಇಲ್ಲ ಕಣಮ್ಮ. ಕೊನೇವರ್ಗೂ ಬಚ್ಚಲಿಗೆ ನಾನೇ ನಡ್ಕೊಂಡು ಹೋಗ್ಬೇಕು. ನಿನ್ ಕೈಲಿ ಎತ್ತಿಸ್ಕೋಬಾರ್ದು."

ಚಿಕ್ಕಬಳ್ಳಾಪುರದ ಮೂಳೆ ಡಾಕ್ಟರು ಮಾತ್ರೆ ಕಡಿಮೆ ಕೊಟ್ಟು ಕಸರತ್ತು ಹೆಚ್ಚು ಕೊಟ್ಟರು. ಗಟ್ಟಿಯಾದ ಏನನ್ನಾದರೂ ಹಿಡಿದು ಒಂದು ಕಾಲಿನ ಮೇಲೆ ನಿಲ್ಲುವುದು. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ನಿಧಾನವಾಗಿ ಇಳಿಯುವುದು. ಇಷ್ಟೇ. ಡಾಕ್ಟರು ಹೇಳಿದ್ದು ಬೆಳಿಗ್ಗೆ ಮತ್ತು ಸಂಜೆ. ಅತ್ತೆಯವರ ಕಿವಿಗೆ ಬಿದ್ದದ್ದು ಬೆಳಿಗ್ಗೆಯಿಂದ ಸಂಜೆಯವರೆಗೆ!

ನಾನೋ ಟೀಚರು. ಮನೆಯನ್ನೂ ಬೆಲ್ಲಿನ ಪ್ರಕಾರವೇ ನಡೆಸುವವಳು. ಕಾಫಿಗೊಂದು ಹೊತ್ತು, ತಿಂಡಿಗೊಂದು ಹೊತ್ತು, ಜಡೆ ಹಾಕಿಕೊಳ್ಳುವುದಕ್ಕೊಂದು ಹೊತ್ತು. ಅಂಥ ಮನೆಯಲ್ಲಿ ಅತ್ತೆಯವರು ಒಲೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಂತು ಹಾಲು ಕಾಯಿಸತೊಡಗಿದರು. ಹಾಲು ಉಕ್ಕುವವರೆಗೆ ಕಾಲು ಇಳಿಸುವುದಿಲ್ಲವೆಂಬುದು ಅವರ ನೇಮ. ಉಕ್ಕಿತು. ಆದರೆ ಅವರು ಕಾಲು ಇಳಿಸಿ, ಸುಧಾರಿಸಿಕೊಂಡು, ಗ್ಯಾಸ್ ಆರಿಸುವಷ್ಟರಲ್ಲಿ ಹಾಲು ಕಟ್ಟೆ ದಾಟಿ ಹೊರಟಿತ್ತು. ಕಾಫಿ ಎಲ್ಲಮ್ಮಾ ಎಂದು ಬಂದ ತಮ್ಮ ಮಗನಿಗೆ ಅತ್ತೆಯವರು ನೆಲ ತೋರಿಸಿದರು.

ಇನ್ನು ಆ ಮದುವೆ. ಹತ್ತಿರದ ನೆಂಟರದು, ಆದ್ದರಿಂದ ನಮಗೆ ಮುಂದಿನ ಸಾಲಿನಲ್ಲೇ ಕುರ್ಚಿ. ಕುರ್ಚಿ ಕಂಡರೆ ಅತ್ತೆಯವರು ಸುಮ್ಮನಿರುತ್ತಾರೆಯೇ? ಎದ್ದರು. ಹಿರಿಯರು ಎದ್ದರೆಂದರೆ ತಾಳಿ ಕಟ್ಟುತ್ತಿರಬೇಕೆಂದು ಹಿಂದಿನ ಸಾಲು ಎದ್ದಿತು. ಅದರ ಹಿಂದಿನದೂ ಎದ್ದಿತು. ಅಕ್ಷತೆ ಹಾರಿತು. ಅಕ್ಷತೆ ಕಂಡ ಓಲಗದವರು ಗಟ್ಟಿಮೇಳ ಬಾರಿಸಿಯೇಬಿಟ್ಟರು. ಮಂಟಪದಲ್ಲಿ ವರ ಇನ್ನೂ ಪಂಚೆ ಸರಿಮಾಡಿಕೊಳ್ಳುತ್ತಿದ್ದ! ಪುರೋಹಿತರು ಎರಡೂ ಕೈ ಮೇಲೆತ್ತಿ ಎಲ್ಲರನ್ನೂ ತಡೆಯುವಷ್ಟರಲ್ಲಿ ಅತ್ತೆಯವರು ಏನೂ ಅರಿಯದವರಂತೆ ಮತ್ತೆ ಕೂತಿದ್ದರು. "ನಾನ್ ಎದ್ದಿದ್ದು ನನ್ ಮಂಡಿಗೋಸ್ಕರ. ಇವ್ರೆಲ್ಲ ಯಾಕೆ ಎದ್ರು?" ಎಂದು ನನ್ನನ್ನೇ ಕೇಳಿದರು.

ದೊಡ್ಡ ಪ್ರಕರಣವೆಂದರೆ ಹಿತ್ತಲ ಗೋಡೆಯದು. ಹಿಮ್ಮಡಿ ಎತ್ತುವುದಕ್ಕೆ ಅತ್ತೆಯವರಿಗೆ ಆ ಗೋಡೆಯೇ ಆಗಬೇಕು, ಹಿಡಿದರೆ ಅಲುಗದು. ನೆಟ್ಟಗೆ ನಿಂತರೆ ಅವರು ಆಚೆಗೆ ಕಾಣುತ್ತಿರಲಿಲ್ಲ. ಹಿಮ್ಮಡಿ ಎತ್ತಿದರೆ ಬಿಳಿ ಕೂದಲು, ಕನ್ನಡಕ, ಮೂಗು, ಈ ಕ್ರಮದಲ್ಲಿ ಮೂಡಿ ಬಂದು ಹಾಗೆಯೇ ಮುಳುಗುತ್ತಿದ್ದವು. ಆಚೆಮನೆಗೆ ರೇಷ್ಮೆ ನೂಲು ತೆಗೆಯುವ ಕುಟುಂಬವೊಂದು ಹೊಸದಾಗಿ ಬಂದಿತ್ತು. ಆ ಮನೆಯ ಹಿರಿಯಾಕೆಯನ್ನು ಬೀದಿಯ ಮಕ್ಕಳೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರಿಂದ ನಮಗೂ ಖಾಲಾ. ಒಂದು ಸಂಜೆ ಅವರು ಬಂದು ನನ್ನನ್ನು ಬಾಗಿಲಿಗೆ ಕರೆದರು.

"ಟೀಚರಮ್ಮ, ನಿಮ್ಮತ್ತೆಗೆ ನಮ್ಮನೇಲಿ ಏನು ನೋಡ್ಬೇಕು ಹೇಳಿ, ನಾನೇ ಕರ್ಕೊಂಡೋಗಿ ತೋರಿಸ್ತೀನಿ. ದಿನಾ ಹಿಂಗೆ ಎದ್ದೆದ್ದು ನೋಡೋದ್ಯಾಕೆ?"

ನಾನು ವಿವರಿಸಿದೆ. ಹಿಮ್ಮಡಿ ಎತ್ತುವುದೂ ಒಂದು ಔಷಧವೆಂದರೆ ಯಾರು ನಂಬುತ್ತಾರೆ? ಮರುದಿನವೇ ಗೋಡೆ ಎತ್ತರಿಸಲು ಅವರ ಹಿತ್ತಲಿಗೆ ಇಟ್ಟಿಗೆ ಬಂದು ಬಿತ್ತು. ಅತ್ತೆಯವರ ಮುಖ ಸಣ್ಣದಾಯಿತು. ಗೋಡೆ ಎತ್ತರವಾದರೆ ಅದರ ಅಂಚು ಕೈಗೆ ಸಿಗದು. ಸಿಗದಿದ್ದರೆ ಹಿಮ್ಮಡಿ ಇಲ್ಲ. ಹಿಮ್ಮಡಿ ಇಲ್ಲದಿದ್ದರೆ ಮುಂದೆ ತಾಯಿಯ ಹಾಸಿಗೆಯೇ ಗತಿ. ಸೆರಗು ಸಿಕ್ಕಿಸಿಕೊಂಡು, ಬೀದಿ ಸುತ್ತಿ ಖಾಲಾ ಮನೆಗೇ ಹೋದರು. ಜಗಳ ಬಿಡಿಸಲೆಂದು ನಾನು ಹಿಂದೆಯೇ ಓಡಿದೆ. ನೋಡಿದರೆ, ಇಬ್ಬರೂ ಇಟ್ಟಿಗೆ ರಾಶಿ ಹಿಡಿದುಕೊಂಡು ತುದಿಗಾಲಲ್ಲಿ ನಿಂತಿದ್ದಾರೆ! ಖಾಲಾಗೂ ಮಂಡಿ ನೋವು, ಅವರಿಗೂ ಬೀಳುವ ಭಯ. ಆ ಇಟ್ಟಿಗೆ ಕೊನೆಗೆ ಅವರ ನೀರಿನ ಡ್ರಮ್ಮಿನ ಅಡಿ ಸೇರಿತು.

ಅಂದಿನಿಂದ ಗೋಡೆಗೆ ಎರಡು ತಲೆ. ಒಟ್ಟಿಗೆ ಏರಿದರೆ ಮುಖಕ್ಕೆ ಮುಖ ಎದುರಾಗಿ, ನಗು ಬಂದು ಹಿಡಿತ ತಪ್ಪುತ್ತಿತ್ತು. ಅದಕ್ಕೇ ಒಂದು ಒಪ್ಪಂದವಾಯಿತು. ಅತ್ತೆಯವರು ಏರಿದಾಗ ಖಾಲಾ ಇಳಿಯಬೇಕು, ಖಾಲಾ ಏರಿದಾಗ ಅತ್ತೆಯವರು. ಏರಿದವರು ಸೊಸೆಯ ಮೇಲೊಂದು ದೂರು ಹೇಳುವುದು, ಇಳಿದವರು ಹೂಂಗುಟ್ಟುವುದು. ಪಕ್ಕದ ಓಣಿಯಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಟವರು ಸೈಕಲ್ಲು ನಿಲ್ಲಿಸಿ ಈ ತಕ್ಕಡಿಯನ್ನು ನೋಡಿಕೊಂಡು ಮುಂದೆ ಹೋಗುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಅತ್ತೆಯವರು ಎದ್ದು, ತಾವೇ ಬಚ್ಚಲಿಗೆ ನಡೆದು ಹೋಗಿ ಬಂದು, ಕಾಲೊರೆಸಿಕೊಂಡು, ಮಂಚದ ಮೇಲೆ ಒರಗಿ ಕಾಫಿ ಕೇಳಿದರು. ನಾನು ಲೋಟ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಯಾರ ಕೈಯನ್ನೂ ಕಾಯಲಿಲ್ಲ.

ಕಾರ್ಯಗಳೆಲ್ಲ ಮುಗಿದು ಮತ್ತೆ ಶಾಲೆಗೆ ಹೊರಡುವ ಮೊದಲ ದಿನ, ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಗೋಡೆಯ ಮೇಲೆ ಖಾಲಾ ಮುಖ ಏರಿ ನಿಂತಿತ್ತು. ಇಳಿಯಲಿಲ್ಲ.

"ಇಳೀರಿ ಖಾಲಾ, ಕಾಲು ನೋಯುತ್ತೆ," ಎಂದೆ.

"ಅಕ್ಕ ಏರಿದಾಗ ನಾನು ಇಳೀತಿದ್ದೆ ಟೀಚರಮ್ಮ," ಎಂದರು. "ಈಗ ಯಾವಾಗ ಇಳೀಬೇಕೋ ಗೊತ್ತಾಗ್ತಿಲ್ಲ."

ಶಾಲೆಯ ಬೆಲ್ಲಿಗೆ ಹೊತ್ತಾಗುತ್ತಿತ್ತು. ನಾನು ಬಕೆಟ್ಟು ಕೆಳಗಿಟ್ಟು, ಗೋಡೆ ಹಿಡಿದು, ಹಿಮ್ಮಡಿ ಎತ್ತಿದೆ.

ಖಾಲಾ ಇಳಿದರು.