ಮಾಸಿಗೆ ಎರಡು ಕುಡಿಕೆ

ತುಗಿರಾನ್ ಆವತ್ತು ಸಂತೆಯಲ್ಲಿ ಒಂದೇ ಕುಡಿಕೆ ಕೊಂಡಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಹೆಂಡತಿಗೆ ಎಂಟು ತಿಂಗಳು ತುಂಬಿದ ಗಂಡಸು ಮುಚ್ಚಳದ ಮಣ್ಣಿನ ಕುಡಿಕೆ ಕೊಂಡರೆ ಜಾವಾದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಗುವಿನ ಹಿಂದೆಯೇ ಬರುವ ಮಾಸು ಅಲ್ಲಿ ಅದರ ಒಡಹುಟ್ಟು ಎಂದೇ ಲೆಕ್ಕ. ಅಪ್ಪನಾದವನು ಅದನ್ನು ಕೈಯಾರೆ ತೊಳೆದು, ಉಪ್ಪು, ಹೂವು ಹಾಕಿ ಕುಡಿಕೆಯಲ್ಲಿಟ್ಟು, ಬಾಗಿಲ ಪಕ್ಕ ಹೂಳಿ ದೀಪ ಇಡಬೇಕು. ಒಂದು ಮಗುವಿಗೆ ಒಂದು ಕುಡಿಕೆ. ತುಗಿರಾನ್ ಎರಡು ಕೊಂಡ.

"ಎರಡಾ?" ಎಂದಳು ಕುಡಿಕೆ ಮಾರುವವಳು.

"ಹೂಂ, ಎರಡು."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, "ಪುಣ್ಯವಂತ ಕಣಪ್ಪಾ ನೀನು" ಎಂದಳು.

ಪುಣ್ಯದ ವಿಷಯ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೋದ ವಾರ ಡಾಕ್ಟರು ಹೇಳಿದ್ದು ಮಾತ್ರ. ಹೆಂಡತಿ ಲಾಸ್ಮಿನಿ ತೂಕ ನೋಡಿಸಲು ಪಕ್ಕದ ಕೋಣೆಗೆ ಹೋಗಿದ್ದಾಗ ಅವರು ಅವನನ್ನು ಕೂರಿಸಿ ಹೇಳಿದ್ದರು: ಮಗು ಚೆನ್ನಾಗಿದೆ. ಆದರೆ ಮಾಸು ಎರಡು ಭಾಗವಾಗಿ ಬೆಳೆದಿದೆ, ನಡುವೆ ರಕ್ತನಾಳ ಹಾದಿದೆ. ಇದು ಅಪರೂಪ. ಹೆರಿಗೆಯಾದ ಮೇಲೆ ಒಂದು ಭಾಗ ಬಂದು ಇನ್ನೊಂದು ಒಳಗೇ ಉಳಿದರೆ ರಕ್ತ ನಿಲ್ಲುವುದು ಕಷ್ಟ. ಮನೆಯಲ್ಲಿ ಹೆರಿಗೆ ಬೇಡವೇ ಬೇಡ.

ಆವತ್ತಿನಿಂದ ಅವನಿಗೆ ಊಟ ರುಚಿಸಿರಲಿಲ್ಲ. ಅವನು ಸೋಯಾ ಕಾಳು ಹುದುಗಿಸಿ ತೆಂಪೆ ಮಾಡಿ ಮಾರುವವನು. ಆ ವಾರ ಮೂರು ಸಲ ಕಾಳು ಹಳಸಿತು. ಹೆಂಡತಿಗೆ ಹೇಳಿದರೆ ಹೆದರಿಯಾಳು, ಅತ್ತೆಗೆ ಹೇಳಿದರೆ ಕೇರಿಗೇ ಹೇಳಿದಂತೆ. ಕೊನೆಗೆ ತನಗೆ ತಾನೇ ಒಂದು ಉಪಾಯ ಕಂಡುಕೊಂಡ. ಆಸ್ಪತ್ರೆಗೆ ಎರಡು ಕುಡಿಕೆ ಒಯ್ಯುವುದು, ಎರಡೂ ತುಂಬುವ ತನಕ ಅಲ್ಲಿಂದ ಕದಲದಿರುವುದು. ಒಂದು ಖಾಲಿ ಉಳಿದರೆ ಯಾರ ಕಾಲಿಗಾದರೂ ಬಿದ್ದು, "ಇನ್ನೂ ಒಂದಿದೆ, ನೋಡಿ" ಅನ್ನುವುದು.

ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದ ಕುಡಿಕೆಗಳು ದಾರಿಯುದ್ದಕ್ಕೂ ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಕೇರಿಯ ತಿರುವಿನಲ್ಲಿ ಗಿನೆಮ್ ಅಜ್ಜಿ ಕೂತಿದ್ದಳು. ಅರ್ಧ ಊರಿಗೆ ಹೆರಿಗೆ ಮಾಡಿಸಿದವಳು, ಉಳಿದರ್ಧ ಆಸ್ಪತ್ರೆಗೆ ಹೋಯಿತೆಂದು ಮುನಿಸಿಕೊಂಡವಳು.

"ನಿಲ್ಲೋ. ಎರಡು ಯಾಕೋ?"

ತುಗಿರಾನ್ ತಡವರಿಸಿದ. ನಿಜ ಹೇಳುವಂತಿಲ್ಲ, ಸುಳ್ಳು ಬಾಯಿಗೆ ಬರಲಿಲ್ಲ. "ಹಾಗೇ... ಬೇಕಾಗುತ್ತೆ ಅಂತ, ಅಜ್ಜೀ."

"ಅವಳಿ ಬಾಳೆಹಣ್ಣು ತಿನ್ನಬೇಡ ಅಂತ ನಿನ್ನ ಹೆಂಡತಿಗೆ ಬಡಕೊಂಡೆ. ಯಾರು ಕೇಳ್ತಾರೆ ನನ್ನ ಮಾತು?" ಎಂದು ಅಜ್ಜಿ ಎದ್ದೇಬಿಟ್ಟಳು. ಮೊಣಕಾಲು ನೋವೆಂದು ಮಸೀದಿಗೂ ಹೋಗದವಳು ಅಡ್ಡದಾರಿ ಹಿಡಿದು ಅವನ ಸೈಕಲ್ಲಿಗಿಂತ ಮೊದಲೇ ಅವನ ಮನೆ ಮುಟ್ಟಿದಳು.

ಅವನು ಬಂದಾಗ ಅಂಗಳದಲ್ಲಿ ಜನ ನೆರೆದಿತ್ತು. ಅತ್ತೆ ಸಾರ್ತಿನಿ ಸೆರಗಿಲ್ಲದ್ದಕ್ಕೆ ತಲೆವಸ್ತ್ರದಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಲ್ಲಪ್ಪಾ, ಹೆತ್ತ ತಾಯಿಗೆ ಹೇಳಬಾರದಾ? ನಾನೇನು ಮೂರನೆಯವಳಾ?"

"ಅತ್ತೆ, ಅದು ಹಾಗಲ್ಲ..."

"ಹಾಗಲ್ಲ ಅಂದ್ರೆ ಹೇಗೆ?"

ಹೇಗೆಂದು ಹೇಳಲು ಬಾಯಿ ತೆರೆದ. ಕಿಟಕಿಯಲ್ಲಿ ಲಾಸ್ಮಿನಿಯ ಮುಖ ಕಂಡಿತು. ಬಾಯಿ ಮುಚ್ಚಿದ.

ಕೇರಿಯ ಮುಖ್ಯಸ್ಥ ಜಮಾರಿ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ನಾಚಿಕೆ ಯಾಕೆ ಮಾರಾಯಾ? ಆಸ್ಪತ್ರೆಗೆ ಹೋಗೋಕೆ ನನ್ನ ಅಳಿಯನ ಕಾರು ಹೇಳಿದ್ದೀನಿ. ನಮ್ಮ ಕೇರಿಗೆ ಅವಳಿ ಬಂದು ಇಪ್ಪತ್ತು ವರ್ಷ ಆಯ್ತು." ಯಾರೋ ಮಗು ಎತ್ತಿಕೊಳ್ಳಲು ಎರಡನೇ ಜೋಳಿಗೆ ಬಟ್ಟೆ ತಂದರು, ಇನ್ಯಾರೋ ಎರಡನೇ ಟೋಪಿ. ತುಗಿರಾನ್ ಎಲ್ಲಕ್ಕೂ ತಲೆಯಾಡಿಸುತ್ತ ನಿಂತ. ಇವರು ಎರಡು ಮಕ್ಕಳನ್ನು ಎಣಿಸುತ್ತಿದ್ದಾರೆ, ತನಗೆ ಇರುವ ಒಬ್ಬ ಹೆಂಡತಿ ಉಳಿದರೆ ಸಾಕಾಗಿದೆ ಎಂದು ಅವನಿಗೆ ಅಳು ಬಂತು.

"ಒಳಗೆ ಬನ್ನಿ" ಎಂದಳು ಲಾಸ್ಮಿನಿ. ಅಡುಗೆಮನೆಗೆ ಕರೆದೊಯ್ದು ಬಾಗಿಲು ಹಾಕಿದಳು. ಅಕ್ಕಿಯ ಡಬ್ಬದ ಹಿಂದೆ ಕೈ ಹಾಕಿ ಒಂದು ಕುಡಿಕೆ ತೆಗೆದು ನೆಲಕ್ಕಿಟ್ಟಳು. ಇನ್ನೊಂದು ತೆಗೆದಳು.

ತುಗಿರಾನ್ ತನ್ನ ಕೈಯಲ್ಲಿದ್ದ ಎರಡನ್ನೂ ನೆಲದ ಮೇಲಿದ್ದ ಎರಡನ್ನೂ ನೋಡಿದ. "ನಿಂಗೆ ಗೊತ್ತಿತ್ತಾ?"

"ಹೊಟ್ಟೆ ನಂದಲ್ವಾ? ನೀವು ಸೈಕಲ್ ನಿಲ್ಲಿಸೋಕೆ ಹೋದಾಗಲೇ ಡಾಕ್ಟರು ಹೇಳಿದ್ರು. ಯಜಮಾನ್ರಿಗೆ ಹೇಳಬೇಡಿ, ಅವರು ಕೋಳಿ ಕುಯ್ದರೂ ಕಣ್ಣು ಮುಚ್ಕೋತಾರೆ ಅಂದೆ. ಕೇಳಲಿಲ್ಲ ಅನ್ಸುತ್ತೆ."

"ಎರಡು ಯಾಕೆ ತಂದೆ?"

"ಒಂದು ಖಾಲಿ ಉಳಿದ್ರೆ ನಿಮಗಾದ್ರೂ ಗೊತ್ತಾಗಲಿ ಅಂತ." ಅವಳು ಕುಡಿಕೆಯ ಮುಚ್ಚಳ ಸರಿಮಾಡಿದಳು. "ಹೆದರಿಕೆ ಆಗಿತ್ತು ರೀ. ಒಬ್ಬಳೇ ಹೆದರಿ ಸಾಕಾಗಿತ್ತು."

ಅವನು ಅವಳ ಪಕ್ಕ ಕೂತ. ಒಂದು ವಾರ ಒಂದೇ ಚಾಪೆಯ ಮೇಲೆ ಇಬ್ಬರೂ ನಿದ್ದೆ ಬಂದವರಂತೆ ಮಲಗಿದ್ದು ನೆನೆದು ಇಬ್ಬರಿಗೂ ಕಣ್ಣು ತುಂಬಿತು. ಕೊನೆಗೆ ಅವಳೇ ಮೂಗೊರೆಸಿಕೊಂಡು, "ಹೋಗಿ, ಎಲ್ಲರಿಗೂ ಇದ್ದದ್ದನ್ನ ಇದ್ದ ಹಾಗೆ ಹೇಳಿ. ನಿಮ್ಮ ಕುಡಿಕೆ ವಾಪಸ್ ಕೊಟ್ಟು ಬನ್ನಿ. ಒಂದು ಜೊತೆ ಸಾಕು" ಎಂದಳು.

ತುಗಿರಾನನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ತನ್ನ ಎರಡು ಕುಡಿಕೆ ಹಿಡಿದು, ಅಂಗಳದ ಕಡೆಗಿದ್ದ ಅಡುಗೆಮನೆ ಬಾಗಿಲನ್ನು ಪೂರ್ತಿ ತೆರೆದ.

"ಕೇಳಿ ಎಲ್ಲರೂ. ಮಗು ಒಂದೇ. ಮಾಸು ಮಾತ್ರ ಎರಡು ಭಾಗ. ಅಪಾಯ ಇದೆ, ಅದಕ್ಕೇ ಇಷ್ಟು ದಿನ ಹೇಳಿರಲಿಲ್ಲ."

ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವನ ಹೆಗಲಾಚೆ, ಅಡುಗೆಮನೆಯ ನೆಲದ ಮೇಲಿತ್ತು. ಗಿನೆಮ್ ಅಜ್ಜಿ ಬೆರಳು ಚಾಚಿ ಅವನ ಕೈಯಿಂದ ಶುರುಮಾಡಿ ಎಣಿಸಿದಳು. "ಒಂದು. ಎರಡು. ಮೂರು. ನಾಲ್ಕು."

ಅತ್ತೆ ಇದ್ದಲ್ಲೇ ಕುಸಿದು ಕೂತಳು.

"ಅಜ್ಜೀ, ಆ ಎರಡು ಅವಳು ತಂದದ್ದು. ಮಗು ಒಂದೇ!"

"ಒಂದು ಮಗೂಗೆ ನಾಲ್ಕು ಕುಡಿಕೆಯೇನೋ? ಸುಳ್ಳು ಹೇಳಿದ್ರೂ ಒಂದು ಅಳತೆ ಬೇಡ್ವಾ?"

ಜಮಾರಿ ಆಗಲೇ ಫೋನು ಕಿವಿಗಿಟ್ಟಿದ್ದ. "ಕಾರು ಸಾಲಲ್ಲ ಕಣೋ ಅಳಿಯಾ, ತರಕಾರಿ ಲಾರಿ ನೋಡು." ಜೋಳಿಗೆ ಬಟ್ಟೆ ತಂದವಳು ಇನ್ನೆರಡು ತರಲು ಓಡಿದಳು.

ಬೆಳಿಗ್ಗೆ ಸಂತೆಯಲ್ಲಿ ಎರಡರ ಅಪ್ಪನಾಗಿದ್ದ ತುಗಿರಾನ್ ದೀಪ ಹಚ್ಚುವ ಹೊತ್ತಿಗೆ ನಾಲ್ಕರ ಅಪ್ಪನಾಗಿದ್ದ. ಅವನಿಗೆ ಬೇಕಾಗಿದ್ದದ್ದು ಒಂದು ಮಗು, ಅದರ ತಾಯಿ. ಅಪಾಯ ಇದೆ ಅಂದನಲ್ಲ, ಆ ಮಾತನ್ನು ಮಾತ್ರ ಆ ಅಂಗಳದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.